ಡೀಲ್ ಮುರಿದಾಗ ಮಧ್ಯವರ್ತಿಯ ಹೊಣೆ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ದೇಶ ದಾಟಿ ನಡೆಯುವ ವ್ಯಾಪಾರದಲ್ಲಿ ಮಾರುವವರು, ಕೊಳ್ಳುವವರು ಎಷ್ಟೋ ಸಲ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಇಬ್ಬರಿಗೂ ಗೊತ್ತಿರುವುದು ನಡುವಿನ ಏಜೆಂಟ್ ಮಾತ್ರ. ಹಾಗಾಗಿ ವ್ಯವಹಾರ ಕೆಟ್ಟರೆ ಮೊದಲ ಫೋನ್ ಬರುವುದು ಅವರಿಗೆ, ಮೊದಲ ನೋಟಿಸೂ ಅವರಿಗೆ. ಮಾಡದ ತಪ್ಪಿಗೆ ಹೆದರಿ ಕೈಯಿಂದ ದುಡ್ಡು ಕಟ್ಟಿದವರಿದ್ದಾರೆ. ‘ನಾನು ಬರೀ ಏಜೆಂಟ್’ ಅನ್ನುವ ಒಂದೇ ಮಾತನ್ನು ನೆಚ್ಚಿ ಕೂತು ಮುಳುಗಿದವರೂ ಇದ್ದಾರೆ. ಎರಡೂ ಆಗಬಾರದು ಎಂದು ಈ ಉತ್ತರಗಳನ್ನು ಬರೆದಿದ್ದೇನೆ. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

ಏಜೆಂಟನನ್ನು ನೇಮಿಸಿದವರನ್ನು ಇಲ್ಲಿ ‘ಮೂಲ ಪಾರ್ಟಿ’ ಎಂದು, ವ್ಯವಹಾರದ ಆಚೆ ಬದಿಯಲ್ಲಿರುವವರನ್ನು ‘ಎದುರು ಪಾರ್ಟಿ’ ಎಂದು ಕರೆದಿದ್ದೇನೆ.

## ಮೊದಲಿಗೆ ತಿಳಿದಿರಬೇಕಾದ್ದು

ನಾನು ಬರೀ ಪರಿಚಯ ಮಾಡಿಸಿದ್ದು. ಡೀಲ್ ಮುರಿದರೆ ನನ್ನ ತಲೆಗೆ ಯಾಕೆ ಬರುತ್ತೆ?

ಬರೀ ಪರಿಚಯ ಮಾಡಿಸಿ ಸುಮ್ಮನಾಗಿದ್ದರೆ ಸಾಮಾನ್ಯವಾಗಿ ಬರುವುದಿಲ್ಲ. ಮಾಲು ಕಳಿಸುವುದು ಮಾರುವವರ ಹೊಣೆ, ದುಡ್ಡು ಕೊಡುವುದು ಕೊಳ್ಳುವವರ ಹೊಣೆ. ಇಬ್ಬರಲ್ಲಿ ಒಬ್ಬರು ಮಾತು ತಪ್ಪಿದರೆ ಅದನ್ನು ತುಂಬಿಕೊಡುವ ಜಾಮೀನುದಾರ ನೀವಲ್ಲ.

ಆದರೆ ‘ಬರೀ ಪರಿಚಯ’ ಅನ್ನುವವರ ಮೇಲ್‌ಗಳನ್ನು ತೆರೆದು ನೋಡಿದರೆ ಬೇರೆಯದೇ ಕಾಣುತ್ತದೆ. ‘ಮಾಲು ನಾನೇ ನೋಡಿದ್ದೇನೆ’, ‘ಈ ಪಾರ್ಟಿ ಹತ್ತು ವರ್ಷದಿಂದ ಗೊತ್ತು’, ‘ಅಡ್ವಾನ್ಸ್ ಕಳಿಸಿ, ನಾನಿದ್ದೇನೆ’. ಈ ‘ನಾನಿದ್ದೇನೆ’ ಎಂಬ ಮಾತಿನಿಂದಲೇ ಎಷ್ಟೋ ಕೇಸುಗಳು ಹುಟ್ಟಿವೆ. ನಿಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಏನಿದೆ ಎಂದು ಕೋರ್ಟು ಕೇಳುವುದಿಲ್ಲ. ನೀವು ಏನು ಹೇಳಿದಿರಿ, ಯಾರ ಪರವಾಗಿ ಸಹಿ ಹಾಕಿದಿರಿ, ದುಡ್ಡು ಯಾರ ಕೈ ದಾಟಿತು, ಈ ಮೂರನ್ನು ಕೇಳುತ್ತದೆ. ಕೆಳಗಿನ ಉತ್ತರಗಳೆಲ್ಲ ಈ ಮೂರರ ಸುತ್ತಲೇ ಇವೆ.

ಏಜೆಂಟ್, ಬ್ರೋಕರ್, ಕಮಿಷನ್ ಏಜೆಂಟ್ ಎಲ್ಲ ಒಂದೇ ಅಲ್ವಾ?

ಮಾತಿನಲ್ಲಿ ಒಂದೇ, ಕಾನೂನಿನಲ್ಲಿ ಅಲ್ಲ. ಬ್ರೋಕರ್ ಇಬ್ಬರನ್ನು ಕೂಡಿಸುತ್ತಾರೆ, ಕರಾರು ಅವರಿಬ್ಬರ ನಡುವೆ. ಏಜೆಂಟ್ ಮೂಲ ಪಾರ್ಟಿಯ ಹೆಸರಿನಲ್ಲಿ ಮಾತಾಡುತ್ತಾರೆ, ಅಧಿಕಾರವಿದ್ದರೆ ಅವರ ಪರವಾಗಿ ಕರಾರು ಮಾಡುತ್ತಾರೆ. ಯುರೋಪಿನ ಹಲವು ದೇಶಗಳಲ್ಲಿ ಇರುವಂಥ ಕಮಿಷನ್ ಏಜೆಂಟ್ ಬೇರೆಯವರ ಲೆಕ್ಕದಲ್ಲಿ, ಆದರೆ ತನ್ನ ಸ್ವಂತ ಹೆಸರಿನಲ್ಲಿ ಕರಾರು ಮಾಡುತ್ತಾರೆ. ಹಾಗಾಗಿ ಎದುರು ಪಾರ್ಟಿಯ ಲೆಕ್ಕಕ್ಕೆ ಸಿಗುವುದು ಅವರೇ.

ಇನ್ನೊಂದು ಬಗೆಯವರು ಡೆಲ್ ಕ್ರೆಡೆರೆ ಏಜೆಂಟ್. ಹೆಚ್ಚಿನ ಕಮಿಷನ್ ತಗೊಂಡು, ‘ಕೊಳ್ಳುವವರು ದುಡ್ಡು ಕೊಡದಿದ್ದರೆ ನಾನು ಕೊಡುತ್ತೇನೆ’ ಎಂದು ಒಪ್ಪಿಕೊಂಡವರು. ಆ ಒಂದು ಸಾಲು ನಿಮ್ಮ ಕರಾರಿನಲ್ಲಿ ಎಲ್ಲಾದರೂ ನುಸುಳಿದೆಯಾ ಎಂದು ನೋಡಿ.

ಬ್ರೋಕರ್‌ಗೆ ಹೊಣೆಯೇ ಇಲ್ಲ ಎಂದೂ ಅಂದುಕೊಳ್ಳಬೇಡಿ. ಜರ್ಮನಿಯ ವಾಣಿಜ್ಯ ಸಂಹಿತೆಯ 98ನೇ ಕಲಂ ಪ್ರಕಾರ ವ್ಯಾಪಾರಿ ದಲ್ಲಾಳಿ ತನ್ನ ತಪ್ಪಿನಿಂದಾದ ನಷ್ಟಕ್ಕೆ ಎರಡೂ ಕಡೆಯವರಿಗೆ ಹೊಣೆ.

ಕರಾರಿಗೆ ನಾನೇ ಸಹಿ ಹಾಕಿದ್ದೀನಿ. ಈಗ ಸಿಕ್ಕಿಹಾಕಿಕೊಂಡೆನಾ?

ಸಹಿಯ ಕೆಳಗೆ ಏನು ಬರೆದಿದ್ದೀರಿ ಅನ್ನುವುದರ ಮೇಲಿದೆ. ಕಾಗದ ತೆಗೆದು ಕೊನೆಯ ಪುಟ ನೋಡಿ. ಬರೀ ನಿಮ್ಮ ಹೆಸರು, ನಿಮ್ಮ ಕಂಪನಿಯ ಸೀಲು ಇದ್ದರೆ ಕರಾರಿನ ಪಾರ್ಟಿ ನೀವೇ ಎಂದು ಎದುರಿನವರು ವಾದಿಸುತ್ತಾರೆ. ಮೂಲ ಪಾರ್ಟಿಯ ಹೆಸರು ಬರೆದು ‘ಇವರ ಪರವಾಗಿ, ಏಜೆಂಟ್ ಆಗಿ ಮಾತ್ರ’ ಎಂದಿದ್ದರೆ ನಿಮ್ಮ ನೆಲ ಗಟ್ಟಿ.

ಆಗ ಇಂಗ್ಲೆಂಡಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ 1923ರ ಒಂದು ತೀರ್ಪು ಇದಕ್ಕೆ ಒಳ್ಳೆಯ ಉದಾಹರಣೆ. ಹಡಗು ಬಾಡಿಗೆಗೆ ಹಿಡಿದ ಕರಾರು ಅದು. ಒಳಗಿನ ಪುಟಗಳಲ್ಲಿ ಮೆಕೆಲ್ವಿ ಎಂಬ ಕಂಪನಿಯನ್ನೇ ಬಾಡಿಗೆದಾರ ಎಂದು ಬರೆದಿತ್ತು. ಸಹಿಯ ಜಾಗದಲ್ಲಿ ಮಾತ್ರ ‘ಏಜೆಂಟರಾಗಿ’ ಎಂಬ ಮಾತಿತ್ತು. ಆ ಒಂದು ಮಾತಿನಿಂದ ಕಂಪನಿ ಸ್ವಂತ ಹೊಣೆಯಿಂದ ಪಾರಾಯಿತು. ಆದರೆ ಬರೀ ‘ಬ್ರೋಕರ್’ ಎಂದು ಕಸುಬು ಹೇಳಿಕೊಂಡರೆ ಸಾಲದು. ಈ ಸಹಿ ಬೇರೆಯವರ ಪರವಾಗಿ ಎಂಬುದು ಅಲ್ಲೇ ಕಾಣಬೇಕು.

ಭಾರತದ ಕಾನೂನಿನಲ್ಲಿ ಇನ್ನೊಂದು ಗುಂಡಿ ಇದೆ, ತುಂಬ ಜನ ಇದನ್ನು ಗಮನಿಸುವುದಿಲ್ಲ. 1872ರ ಕರಾರು ಕಾಯ್ದೆಯ 230ನೇ ಕಲಂ ಮೊದಲು ಏಜೆಂಟ್‌ಗೆ ಸ್ವಂತ ಹೊಣೆ ಇಲ್ಲ ಎನ್ನುತ್ತದೆ. ಆಮೇಲೆ ಮೂರು ಸಂದರ್ಭಗಳಲ್ಲಿ, ಬೇರೆ ಮಾತು ಆಗಿಲ್ಲದಿದ್ದರೆ, ಹೊಣೆ ಇದೆ ಎಂದೇ ಊಹಿಸಬೇಕು ಎನ್ನುತ್ತದೆ. ಮೂಲ ಪಾರ್ಟಿ ವಿದೇಶದಲ್ಲಿ ನೆಲೆಸಿದ ವ್ಯಾಪಾರಿಯಾಗಿದ್ದು ಕರಾರು ಸರಕಿನ ಖರೀದಿ ಅಥವಾ ಮಾರಾಟದ್ದಾಗಿದ್ದರೆ. ಮೂಲ ಪಾರ್ಟಿ ಯಾರೆಂದು ಹೇಳದೇ ಇದ್ದರೆ. ಹೇಳಿದ್ದರೂ ಅವರ ಮೇಲೆ ದಾವೆ ಹೂಡಲು ಆಗದಿದ್ದರೆ. ಮೊದಲನೆಯದು ನೋಡಿ, ನೇರ ಅಂತರರಾಷ್ಟ್ರೀಯ ವ್ಯಾಪಾರದ ಮಾತು. ಅದಕ್ಕೇ ‘ಏಜೆಂಟ್‌ಗೆ ಸ್ವಂತ ಹೊಣೆ ಇಲ್ಲ’ ಎಂಬ ಸಾಲನ್ನು ಕರಾರಿನಲ್ಲಿ ಬಾಯಿಬಿಟ್ಟು ಬರೆಸಲೇಬೇಕು.

ಬರವಣಿಗೆಯಲ್ಲಿ ಏನೂ ಇಲ್ಲ, ಎಲ್ಲ ವಾಟ್ಸ್‌ಆ್ಯಪ್‌ನಲ್ಲೇ ಮಾತಾಡಿದ್ದು. ಹಾಗಾದ್ರೆ ಹೊಣೆ ಇಲ್ಲ ತಾನೇ?

ವಾಟ್ಸ್‌ಆ್ಯಪ್ ಕೂಡ ಬರವಣಿಗೆಯೇ. ಸಹಿ ಮಾಡಿದ ಕಾಗದ ಇಲ್ಲದಿದ್ದಾಗ ಕೋರ್ಟು ಓದುವುದು ಅದನ್ನೇ. ನೀವು ಅವಸರದಲ್ಲಿ ಕಳಿಸಿದ ಒಂದು ವಾಯ್ಸ್ ನೋಟ್ ಕೂಡ ಸಾಕ್ಷಿಯಾಗಬಹುದು.

## ಮಾತು, ದುಡ್ಡು, ಕಮಿಷನ್

ಪಾರ್ಟಿ ಹೇಳಿದ್ದನ್ನೇ ನಾನು ದಾಟಿಸಿದೆ. ಅದು ಸುಳ್ಳು ಅಂತ ನನಗೇನು ಗೊತ್ತು?

ಹೇಗೆ ದಾಟಿಸಿದಿರಿ ಅನ್ನುವುದೇ ಇಲ್ಲಿ ಮುಖ್ಯ. ‘ಮಾಲು ಬಂದರಿನ ಗೋದಾಮಿನಲ್ಲಿದೆ’ ಎಂದು ಬರೆದರೆ ಅದು ನಿಮ್ಮ ಮಾತು. ‘ಮಾಲು ಗೋದಾಮಿನಲ್ಲಿದೆ ಎಂದು ಮಾರುವವರು ತಿಳಿಸಿದ್ದಾರೆ, ನಾನು ಪರಿಶೀಲಿಸಿಲ್ಲ’ ಎಂದರೆ ಅದು ಅವರ ಮಾತು. ಇಷ್ಟು ಚಿಕ್ಕ ವ್ಯತ್ಯಾಸದ ಮೇಲೆ ದೊಡ್ಡ ದೊಡ್ಡ ದಾವೆಗಳು ನಿಂತಿವೆ.

ಇಂಗ್ಲಿಷ್ ಕಾನೂನು ಇದನ್ನು ಎರಡು ಹಂತದಲ್ಲಿ ನೋಡುತ್ತದೆ. ಮೊದಲನೆಯದು ಮೋಸ. 1889ರ ಡೆರ್ರಿ ವಿರುದ್ಧ ಪೀಕ್ ತೀರ್ಪಿನ ಪ್ರಕಾರ ಸುಳ್ಳೆಂದು ಗೊತ್ತಿದ್ದು ಹೇಳಿದರೆ ಮೋಸ. ನಿಜವೆಂಬ ನಂಬಿಕೆ ಇಲ್ಲದೆ ಹೇಳಿದರೂ ಮೋಸ. ‘ನಿಜವೋ ಸುಳ್ಳೋ, ನನಗೇನು’ ಎಂದು ಲೆಕ್ಕಿಸದೆ ಹೇಳಿದರೂ ಮೋಸವೇ. ಈ ಮೂರನೆಯದರಲ್ಲಿ ಮಧ್ಯವರ್ತಿಗಳು ಸಿಕ್ಕಿಬೀಳುತ್ತಾರೆ. ಮೋಸ ಮಾಡುವ ಮನಸ್ಸಿಲ್ಲ, ಆದರೆ ಕಮಿಷನ್ ಕಣ್ಣ ಮುಂದಿದೆ, ಅನುಮಾನ ಬಂದರೂ ಕೇಳಲಿಲ್ಲ.

ಎರಡನೆಯದು ಅಜಾಗರೂಕತೆ. ಹೆಡ್ಲಿ ಬರ್ನ್ ಕೇಸಿನಲ್ಲಿ ಒಂದು ಜಾಹೀರಾತು ಸಂಸ್ಥೆ ತನ್ನ ಗಿರಾಕಿಯ ಹಣಕಾಸು ಹೇಗಿದೆ ಎಂದು ಗಿರಾಕಿಯ ಬ್ಯಾಂಕನ್ನು ಕೇಳಿತು. ಬ್ಯಾಂಕ್ ಒಳ್ಳೆಯ ಮಾತು ಹೇಳಿತು. ಗಿರಾಕಿ ಮುಳುಗಿದ. ಸಲಹೆಯನ್ನು ನಂಬಿ ನಡೆಯುತ್ತಾರೆ ಎಂದು ಗೊತ್ತಿದ್ದು, ಹೊಣೆ ಹೊತ್ತು ಹೇಳಿದವರು ಎಚ್ಚರದಿಂದ ಹೇಳಬೇಕು ಎಂದು 1963ರಲ್ಲಿ ತೀರ್ಪಾಯಿತು. ಆದರೂ ಬ್ಯಾಂಕ್ ಗೆದ್ದಿತು. ಯಾಕೆಂದರೆ ಉತ್ತರ ಕೊಡುವಾಗಲೇ ‘ಇದಕ್ಕೆ ನಮ್ಮ ಹೊಣೆ ಇಲ್ಲ’ ಎಂದು ಬರೆದಿತ್ತು. ಅಂಥ ಸಾಲು ನಿಮ್ಮನ್ನೂ ಕಾಪಾಡಬಹುದು. ನಿಮ್ಮದೇ ಮೋಸವಿದ್ದರೆ ಮಾತ್ರ ಯಾವ ಸಾಲೂ ಕಾಪಾಡುವುದಿಲ್ಲ.

ಮಾತು ಮುಗಿಸೋ ಅಧಿಕಾರ ನನಗೆ ಇದೆ ಅಂತಲೇ ನಂಬಿದ್ದೆ. ಈಗ ಮೂಲ ಪಾರ್ಟಿ ‘ಇವರು ಯಾರೋ ಗೊತ್ತಿಲ್ಲ’ ಅಂತಿದ್ದಾರೆ.

ಇದು ತುಂಬ ನೋವಿನ ಪ್ರಶ್ನೆ. ಪ್ರಾಮಾಣಿಕರೇ ಇದರಲ್ಲಿ ಜಾಸ್ತಿ ಸಿಕ್ಕಿಕೊಳ್ಳುತ್ತಾರೆ. ‘ನಾನು ಇವರ ಏಜೆಂಟ್’ ಎಂದು ಹೇಳಿದ ಕ್ಷಣವೇ ‘ನನಗೆ ಅಧಿಕಾರ ಇದೆ’ ಎಂಬ ಭರವಸೆಯನ್ನೂ ಕೊಟ್ಟಂತೆ. ಇಂಗ್ಲೆಂಡಿನಲ್ಲಿ 1857ರ ಕಾಲೆನ್ ವಿರುದ್ಧ ರೈಟ್ ಕೇಸಿನಿಂದ ಇದು ಗಟ್ಟಿಯಾಯಿತು. ಜಮೀನು ಗುತ್ತಿಗೆಗೆ ಕೊಡುವ ಅಧಿಕಾರ ತನಗಿದೆ ಎಂದು ಏಜೆಂಟ್ ನಿಜವಾಗಿ ನಂಬಿದ್ದರು. ಇರಲಿಲ್ಲ. ನಷ್ಟ ಅವರ ಆಸ್ತಿಯಿಂದ ಹೋಯಿತು. 1910ರ ಇನ್ನೊಂದು ಕೇಸು ಇನ್ನೂ ಕಠಿಣ. ಕಕ್ಷಿದಾರರಿಗೆ ಬುದ್ಧಿಭ್ರಮಣೆಯಾಗಿ ಅಧಿಕಾರವೇ ಮುಗಿದುಹೋಗಿತ್ತು. ಅದು ಗೊತ್ತಿಲ್ಲದೆ ಕೇಸು ನಡೆಸಿದ ವಕೀಲರೇ ಖರ್ಚು ತುಂಬಬೇಕಾಯಿತು.

ಎಲ್ಲ ಕಡೆ ಇಷ್ಟು ಕಠಿಣವಲ್ಲ. ಜರ್ಮನಿಯ ನಾಗರಿಕ ಸಂಹಿತೆಯ 179ನೇ ಕಲಂ ಪ್ರಕಾರ, ಅಧಿಕಾರ ಇಲ್ಲ ಎಂಬುದು ಏಜೆಂಟ್‌ಗೇ ಗೊತ್ತಿರದಿದ್ದರೆ, ಎದುರಿನವರು ನಂಬಿ ಮಾಡಿಕೊಂಡ ನಷ್ಟವಷ್ಟೇ ಹೊಣೆ. ಡೀಲ್‌ನಿಂದ ಬರಬೇಕಿದ್ದ ಪೂರ್ತಿ ಲಾಭವಲ್ಲ. ಭಾರತದ ಕಾಯ್ದೆಯಲ್ಲಿ 235ನೇ ಕಲಂ ಇದೆ: ಸುಳ್ಳಾಗಿ ಏಜೆಂಟ್ ಎಂದು ತೋರಿಸಿಕೊಂಡು, ಮೂಲ ಪಾರ್ಟಿ ಆಮೇಲೆ ಒಪ್ಪದಿದ್ದರೆ, ಪರಿಹಾರ ಕೊಡಬೇಕು. ಅಂತರರಾಷ್ಟ್ರೀಯ ವಾಣಿಜ್ಯ ಕರಾರುಗಳಿಗೆಂದು ರೂಪಿಸಿದ ಯುನಿಡ್ರಾ ತತ್ವಗಳೂ ಅಧಿಕಾರವಿಲ್ಲದ ಏಜೆಂಟ್ ಪರಿಹಾರ ಕೊಡಬೇಕು ಎನ್ನುತ್ತವೆ. ಆದರೆ ಅಧಿಕಾರ ಇಲ್ಲ ಎಂದು ಎದುರಿನವರಿಗೆ ಗೊತ್ತಿದ್ದರೆ, ಅಥವಾ ಗೊತ್ತಿರಬೇಕಿದ್ದರೆ, ಬಿಡುಗಡೆ ಇದೆ.

ಕೈಯಲ್ಲಿ ಇರಬೇಕಾದ್ದು ಮೂಲ ಪಾರ್ಟಿಯ ಒಂದು ಪತ್ರ. ಯಾವ ಸರಕು, ಎಷ್ಟು, ಯಾವ ಬೆಲೆಯ ಒಳಗೆ, ಯಾವ ತಾರೀಖಿನವರೆಗೆ. ಕೊನೆಯದನ್ನು ಬರೆಸಲು ಎಲ್ಲರೂ ಮರೆಯುತ್ತಾರೆ.

ಅಡ್ವಾನ್ಸ್ ನನ್ನ ಅಕೌಂಟಿಗೆ ಬಂದಿತ್ತು, ಆಗಲೇ ಮುಂದಕ್ಕೆ ಕಳಿಸಿಬಿಟ್ಟೆ. ವಾಪಸ್ ನಾನು ಕೊಡಬೇಕಾ?

ಮೂಲ ಪಾರ್ಟಿಯ ಏಜೆಂಟ್ ಆಗಿ ಪಡೆದು, ತಕರಾರು ಬರುವ ಮೊದಲೇ ಒಳ್ಳೆಯ ನಂಬಿಕೆಯಿಂದ ಅವರಿಗೆ ದಾಟಿಸಿದ್ದರೆ ಇಂಗ್ಲಿಷ್ ಕಾನೂನಿನಲ್ಲಿ ಗಟ್ಟಿ ಸಮರ್ಥನೆ ಇದೆ. ಕೊಟ್ಟವರು ಮೂಲ ಪಾರ್ಟಿಯ ಬಾಗಿಲು ತಟ್ಟಬೇಕು.

ಆದರೆ ‘ದುಡ್ಡು ಕಳಿಸಬೇಡಿ, ಡೀಲ್‌ನಲ್ಲಿ ಏನೋ ತೊಂದರೆ ಇದೆ’ ಎಂಬ ಮೇಲ್ ಬೆಳಗ್ಗೆ ಬಂದು, ನೀವು ಮಧ್ಯಾಹ್ನ ಕಳಿಸಿದ್ದರೆ ಆ ಸಮರ್ಥನೆ ಹೋಯಿತು. ಇನ್ನು ‘ಡೀಲ್ ಮುಗಿಯುವವರೆಗೆ ಇಬ್ಬರ ಪರವಾಗಿ ನಾನು ಇಟ್ಟುಕೊಂಡಿರುತ್ತೇನೆ’ ಎಂದು ಒಪ್ಪಿ ಆಮೇಲೆ ಒಬ್ಬರಿಗೆ ಕೊಟ್ಟಿದ್ದರೆ, ಹೊಣೆ ನಿಮ್ಮದೇ. ನನ್ನ ಅನಿಸಿಕೆ ಕೇಳಿದರೆ, ಸರಕಿನ ದುಡ್ಡು ನಿಮ್ಮ ಖಾತೆಗೆ ಬರಲೇಬಾರದು. ಬರೀ ಕಮಿಷನ್ ಬರಲಿ.

ಕೊಳ್ಳುವವರು ದುಡ್ಡು ಕೊಡಲಿಲ್ಲ. ಪಾರ್ಟಿ ಹುಡುಕಿದ್ದು ನೀನು, ನೀನೇ ಕೊಡು ಅಂತಾರೆ.

ಡೆಲ್ ಕ್ರೆಡೆರೆ ಒಪ್ಪಿಲ್ಲದಿದ್ದರೆ, ಸುಮ್ನೆ ಹುಡುಕಿಕೊಟ್ಟ ಕಾರಣಕ್ಕೆ ಕೊಡಬೇಕಿಲ್ಲ. ಆದರೆ ಮಾಡಬೇಕಾದ ವಿಚಾರಣೆ ಮಾಡಿದ್ದೀರಾ? ಭಾರತದ ಕರಾರು ಕಾಯ್ದೆಯ 212ನೇ ಕಲಂ ಜೊತೆಗೇ ಒಂದು ಉದಾಹರಣೆ ಕೊಡುತ್ತದೆ: ಸಾಲಕ್ಕೆ ಮಾರುವ ಅಧಿಕಾರವಿದ್ದ ಏಜೆಂಟ್, ಕೊಳ್ಳುವವನ ಹಣಕಾಸಿನ ಬಗ್ಗೆ ವಾಡಿಕೆಯ ವಿಚಾರಣೆ ಮಾಡದೆ ಮಾರಿದ. ಕೊಳ್ಳುವವ ಆಗಲೇ ದಿವಾಳಿ. ನಷ್ಟ ಏಜೆಂಟ್ ತುಂಬಬೇಕು. ಅದೇ ಕಲಂ ನೇರ ನಷ್ಟಕ್ಕೆ ಮಾತ್ರ ಹೊಣೆ ಎನ್ನುತ್ತದೆ, ದೂರದ ನಷ್ಟಕ್ಕಲ್ಲ. ನೀವು ಯಾವ ದಿನ, ಯಾರನ್ನು, ಏನು ವಿಚಾರಿಸಿದಿರಿ ಎಂಬ ನಾಲ್ಕು ಸಾಲಿನ ಟಿಪ್ಪಣಿ ಇದ್ದರೆ ಅದೇ ನಿಮ್ಮ ಗುರಾಣಿ.

ಡೀಲ್ ಮುರಿದರೆ ನನ್ನ ಕಮಿಷನ್ ಕಥೆ ಏನು?

ಕರಾರಿನ ಪದಗಳೇ ಎಲ್ಲ. ‘ವ್ಯವಹಾರ ಪೂರ್ತಿಯಾದಾಗ’ ಎಂದಿದ್ದರೆ ಪೂರ್ತಿಯಾಗಲೇಬೇಕು. 1941ರಲ್ಲಿ ಇಂಗ್ಲೆಂಡಿನ ಲಕ್ಸರ್ ಕೇಸಿನಲ್ಲಿ ಚಿತ್ರಮಂದಿರಗಳಿಗೆ ಕೊಳ್ಳುವವರನ್ನು ಹುಡುಕಿಕೊಟ್ಟ ಏಜೆಂಟ್‌ಗೆ 10,000 ಪೌಂಡ್ ಬರಬೇಕಿತ್ತು. ಮಾಲೀಕರು ಮನಸ್ಸು ಬದಲಿಸಿ ಮಾರಲಿಲ್ಲ. ಏಜೆಂಟ್‌ಗೆ ಏನೂ ಸಿಗಲಿಲ್ಲ. ಮಾರಲೇಬೇಕು ಎಂಬ ಷರತ್ತನ್ನು ನಾವು ಸೇರಿಸುವುದಿಲ್ಲ ಎಂದರು ನ್ಯಾಯಾಧೀಶರು.

ಯುರೋಪಿಯನ್ ಒಕ್ಕೂಟದ 1986ರ ವಾಣಿಜ್ಯ ಏಜೆಂಟರ ನಿರ್ದೇಶನ ಇದಕ್ಕಿಂತ ದಯಾಪರ. ಅದರ 11ನೇ ವಿಧಿಯ ಪ್ರಕಾರ, ಎದುರು ಪಾರ್ಟಿ ಜೊತೆ ಆದ ಕರಾರು ಜಾರಿಯಾಗುವುದಿಲ್ಲ ಎಂದು ಖಚಿತವಾಗಿ, ಅದರಲ್ಲಿ ಮೂಲ ಪಾರ್ಟಿಯ ತಪ್ಪೂ ಇಲ್ಲದಿದ್ದರೆ ಮಾತ್ರ ಕಮಿಷನ್ ಹಕ್ಕು ಹೋಗುತ್ತದೆ. ಹಾಗೆ ಹೋದರೆ ಪಡೆದದ್ದನ್ನು ವಾಪಸ್ ಕೊಡಬೇಕು. ಆದರೆ ಈ ರಕ್ಷಣೆ ನಿರಂತರವಾಗಿ ಕೆಲಸ ಮಾಡುವ ಏಜೆಂಟರಿಗೆ. ಒಂದೇ ಡೀಲ್‌ಗೆ ಬಂದುಹೋಗುವ ಬ್ರೋಕರ್‌ಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ಎರಡೂ ಕಡೆಯಿಂದ ಕಮಿಷನ್ ತಗೊಂಡರೆ ತಪ್ಪಾ?

ಇಬ್ಬರಿಗೂ ಹೇಳಿ, ಇಬ್ಬರ ಒಪ್ಪಿಗೆ ಪಡೆದು ತಗೊಂಡರೆ ತಪ್ಪಲ್ಲ. ಮುಚ್ಚಿಟ್ಟರೆ ದೊಡ್ಡ ತಪ್ಪು. ಮಾಂಟೆ ಕಾರ್ಲೋದ ಒಂದು ಹೋಟೆಲ್ 21.15 ಕೋಟಿ ಯೂರೋಗೆ ಮಾರಾಟವಾಯಿತು. ಕೊಳ್ಳುವವರ ಪರ ಮಾತುಕತೆ ನಡೆಸಿದವರು ಮಾರುವವರಿಂದ 1 ಕೋಟಿ ಯೂರೋ ಪಡೆದಿದ್ದರು, ಕೊಳ್ಳುವವರಿಗೆ ಅದನ್ನು ಸರಿಯಾಗಿ ತಿಳಿಸಿರಲಿಲ್ಲ. ಆ ದುಡ್ಡು ಏಜೆಂಟ್ ಕೈಯಲ್ಲಿದ್ದರೂ ಅದರ ಒಡೆತನ ಕೊಳ್ಳುವವರದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಗಮನಿಸಿ, ಅಲ್ಲಿ ಡೀಲ್ ಮುರಿದಿರಲಿಲ್ಲ. ಮುರಿಯದ ಡೀಲ್‌ನಲ್ಲೇ ಹೀಗಾದರೆ, ಮುರಿದಾಗ ಇಂಥದ್ದು ಹೊರಬಂದರೆ ನಿಮ್ಮ ಉಳಿದ ವಾದವನ್ನೂ ಯಾರೂ ನಂಬುವುದಿಲ್ಲ.

## ಸಿಕ್ಕು ಜಾಸ್ತಿ ಇರುವ ಪ್ರಶ್ನೆಗಳು

ನನ್ನ ಮೇಲ್ ಹ್ಯಾಕ್ ಆಗಿ ದುಡ್ಡು ಕಳ್ಳರ ಖಾತೆಗೆ ಹೋಯ್ತು. ನಾನೂ ಮೋಸ ಹೋದವನೇ ಅಲ್ವಾ?

ಹೌದು, ಮೋಸ ಹೋದವರೇ. ಆದರೆ ಕೋರ್ಟು ಕೇಳುವುದು ಬೇರೆ: ಯಾರ ಅಜಾಗರೂಕತೆಯಿಂದ ಇದು ಆಯಿತು? ಸಾಮಾನ್ಯವಾಗಿ ನಡೆಯುವುದು ಹೀಗೆ. ಕಳ್ಳರು ವಾರಗಟ್ಟಲೆ ಮೇಲ್‌ಗಳನ್ನು ಓದುತ್ತಾ ಕೂತಿರುತ್ತಾರೆ. ಇನ್‌ವಾಯ್ಸ್ ಹೊರಡುವ ದಿನ, ಒಂದೇ ಒಂದು ಅಕ್ಷರ ಬದಲಾದ ವಿಳಾಸದಿಂದ ‘ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಹೊಸ ಖಾತೆಗೆ ಹಾಕಿ’ ಎಂಬ ಮೇಲ್ ಬರುತ್ತದೆ. ಏಜೆಂಟ್ ಅದನ್ನು ಹಾಗೇ ಫಾರ್ವರ್ಡ್ ಮಾಡುತ್ತಾರೆ. ಈಗ ಅದು ನಂಬಿಕಸ್ಥ ಏಜೆಂಟ್‌ರಿಂದ ಬಂದ ಮೇಲ್!

ತಪ್ಪು ಖಾತೆಗೆ ಹಾಕಿದ ಮಾತ್ರಕ್ಕೆ ಕೊಳ್ಳುವವರ ಬಾಕಿ ತೀರುವುದಿಲ್ಲ. ಅವರು ಎರಡನೇ ಸಲ ಕೊಟ್ಟು, ಆ ನಷ್ಟ ನಿಮ್ಮಿಂದ ಆಯಿತು ಎನ್ನಬಹುದು. ನೀವು ಹಳೆಯ, ಮೊದಲಿಂದ ಗೊತ್ತಿದ್ದ ಫೋನ್ ನಂಬರಿಗೆ ಕರೆ ಮಾಡಿ ಖಾತೆ ಬದಲಾದದ್ದು ನಿಜವಾ ಎಂದು ಕೇಳಿದ್ದಿರಾ ಅನ್ನುವುದೇ ನಿರ್ಣಾಯಕ. ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗೆ ಮಾಡಿದರೆ ಕಳ್ಳರೇ ಎತ್ತುತ್ತಾರೆ.

ಎಲ್‌ಸಿ ಇತ್ತಲ್ಲ, ಬ್ಯಾಂಕ್ ನೋಡ್ಕೊಳ್ಳಲ್ವಾ? ನಾನು ಮಾಡಿದ್ದೆಲ್ಲ ಕಂಪನಿ ಹೆಸರಲ್ಲೇ.

ಎಲ್‌ಸಿಗಳಿಗೆ (ಲೆಟರ್ ಆಫ್ ಕ್ರೆಡಿಟ್, ಹೇಳಿದ ದಾಖಲೆ ಕೊಟ್ಟರೆ ದುಡ್ಡು ಕೊಡುತ್ತೇವೆ ಎಂಬ ಬ್ಯಾಂಕಿನ ಭರವಸೆ ಪತ್ರ) ಸಾಮಾನ್ಯವಾಗಿ ಅನ್ವಯಿಸುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಗಳು 2007ರ ಜುಲೈ 1ರಿಂದ ಬಳಕೆಯಲ್ಲಿವೆ. ಅವುಗಳ 5ನೇ ವಿಧಿ ಹೇಳುವುದು ಒಂದೇ ಮಾತು: ಬ್ಯಾಂಕಿನ ವ್ಯವಹಾರ ದಾಖಲೆಗಳ ಜೊತೆ, ಸರಕಿನ ಜೊತೆ ಅಲ್ಲ. ಪೆಟ್ಟಿಗೆಯಲ್ಲಿ ಮಾಲಿನ ಬದಲು ಮಣ್ಣಿದ್ದರೂ, ಮೇಲ್ನೋಟಕ್ಕೆ ಕಾಗದ ಸರಿಯಿದ್ದರೆ ಬ್ಯಾಂಕ್ ದುಡ್ಡು ಕೊಡುತ್ತದೆ.

ಅದಕ್ಕೇ ಕಾಗದ ‘ಸರಿ ಮಾಡುವ’ ಒತ್ತಡ ಮಧ್ಯವರ್ತಿಯ ಮೇಲೆ ಬರುತ್ತದೆ. ಹಡಗು ಎಲ್‌ಸಿಯ ಕೊನೆ ತಾರೀಖು ದಾಟಿ ಹೊರಟಿದೆ, ‘ಬಿಲ್ ಆಫ್ ಲೇಡಿಂಗ್‌ನಲ್ಲಿ ಹಳೆ ತಾರೀಖು ಹಾಕಿಸಿ’ ಅನ್ನುತ್ತಾರೆ. ಸರಕು ಹಡಗಿಗೆ ಹತ್ತಿದ್ದಕ್ಕೆ ಹಡಗಿನವರು ಕೊಡುವ ರಸೀದಿ ಅದು. ದಯವಿಟ್ಟು ಮಾಡಬೇಡಿ. 1993ರಲ್ಲಿ ವಿಯೆಟ್ನಾಂಗೆ ಹೋದ ಬಿಟುಮಿನ್ ಸರಕಿನಲ್ಲಿ ಹೀಗೇ ಆಯಿತು. ಮಾರಿದ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ‘ನಾನು ಮಾಡಿದ್ದು ಕಂಪನಿಗಾಗಿ’ ಎಂದರು. ಹೌಸ್ ಆಫ್ ಲಾರ್ಡ್ಸ್ 2002ರಲ್ಲಿ ಒಪ್ಪಲಿಲ್ಲ. ಡೈರೆಕ್ಟರ್ ಆಗಿದ್ದಕ್ಕಲ್ಲ, ಮೋಸ ಮಾಡಿದ್ದಕ್ಕೆ ಅವರು ಸ್ವತಃ ಹೊಣೆ ಎಂದಿತು. ಲಿಮಿಟೆಡ್ ಕಂಪನಿಯ ಗೋಡೆ ಸಾಲಕ್ಕೆ ತಡೆ, ಸ್ವಂತ ಮೋಸಕ್ಕೆ ಅಲ್ಲ.

ಇನ್ನೊಂದು ಮಾತು. ‘ಎಂಟಿ 799 ಬಂದಿದೆ, ದುಡ್ಡು ಖಚಿತ’ ಎಂದು ಯಾರಿಗೂ ಬರೆಯಬೇಡಿ. ಅದು ಬ್ಯಾಂಕುಗಳ ನಡುವಿನ ಮುಕ್ತ ಒಕ್ಕಣೆಯ ಸಂದೇಶ. ಬಂದ ಮಾತ್ರಕ್ಕೆ ದುಡ್ಡು ಬಂದಂತಲ್ಲ.

ಒಂದೇ ಡೀಲ್‌ನಲ್ಲಿ ಏಳೆಂಟು ಬ್ರೋಕರ್‌ಗಳಿದ್ದೀವಿ. ಮೇಲಿನವನ ತಪ್ಪಿಗೆ ನಾನೂ ಹೊಣೆನಾ?

ನೀವು ನೇಮಿಸಿದವರ ತಪ್ಪಿಗೆ ಹೌದು, ನಿಮ್ಮನ್ನು ನೇಮಿಸಿದವರ ತಪ್ಪಿಗೆ ಸಾಮಾನ್ಯವಾಗಿ ಇಲ್ಲ. ಭಾರತದ ಕಾಯ್ದೆಯ 192ನೇ ಕಲಂ ಪ್ರಕಾರ ಸರಿಯಾಗಿ ನೇಮಿಸಿದ ಉಪ ಏಜೆಂಟ್‌ನ ಕೆಲಸಕ್ಕೆ ಮೂಲ ಪಾರ್ಟಿಯ ಮುಂದೆ ಏಜೆಂಟ್ ಉತ್ತರ ಕೊಡಬೇಕು. ಅಧಿಕಾರವೇ ಇಲ್ಲದೆ ನೇಮಿಸಿದ್ದರೆ 193ನೇ ಕಲಂ ಪ್ರಕಾರ ಹೊರಗಿನವರಿಗೂ ಉತ್ತರ ಕೊಡಬೇಕು. ಉದ್ದ ಸರಪಳಿಯಲ್ಲಿ ನಿಜವಾದ ಮಾರುವವರನ್ನು ಯಾರೂ ಕಂಡಿರುವುದೇ ಇಲ್ಲ. ಅಂಥದ್ದರಲ್ಲಿ ನಿಮ್ಮ ಲೆಟರ್‌ಹೆಡ್ ಹಾಕಬೇಡಿ. ಎಲ್ಲರೂ ಸಹಿ ಮಾಡುವ ಕಮಿಷನ್ ರಕ್ಷಣೆಯ ಒಪ್ಪಂದ ಕಾಯುವುದು ಕಮಿಷನನ್ನು, ಹೊಣೆಯಿಂದ ನಿಮ್ಮನ್ನಲ್ಲ.

ಮಾರುವವರು ಒಂದು ದೇಶ, ಕೊಳ್ಳುವವರು ಇನ್ನೊಂದು, ನಾನು ಮೂರನೇ ದೇಶ. ಯಾರ ಕಾನೂನು?

ಸರಕು ಮಾರಾಟಕ್ಕೆ 1980ರ ವಿಯೆನ್ನಾ ಒಪ್ಪಂದ ಇದೆ, ಆದರೆ ಅದು ಮಾರುವವರ, ಕೊಳ್ಳುವವರ ಹಕ್ಕುಗಳ ಬಗ್ಗೆ. ಏಜೆಂಟ್ ವಿಷಯವನ್ನು ಮುಟ್ಟುವುದಿಲ್ಲ. ಆ ಜಾಗ ತುಂಬಲು 1983ರಲ್ಲಿ ಜಿನೀವಾದಲ್ಲಿ ಮಾಡಿದ ಒಪ್ಪಂದ, ಬೇಕಾದ ಹತ್ತು ದೇಶಗಳು ಸೇರದೆ ಜಾರಿಗೇ ಬರಲಿಲ್ಲ. ಏಜೆನ್ಸಿಗೆ ಯಾವ ದೇಶದ ಕಾನೂನು ಎಂದು ಹೇಳುವ 1978ರ ಹೇಗ್ ಒಪ್ಪಂದ 1992ರಲ್ಲಿ ಜಾರಿಯಾಯಿತು. ಅರ್ಜೆಂಟೀನಾ, ಫ್ರಾನ್ಸ್, ನೆದರ್ಲೆಂಡ್ಸ್, ಪೋರ್ಚುಗಲ್ ಅದರಲ್ಲಿವೆ. ಬೇರೆ ಕಾನೂನು ಆರಿಸಿಕೊಂಡಿಲ್ಲದಿದ್ದರೆ, ಏಜೆಂಟ್ ಮತ್ತು ಮೂಲ ಪಾರ್ಟಿಯ ನಡುವೆ ಅದು ಸಾಮಾನ್ಯವಾಗಿ ಏಜೆಂಟ್‌ನ ವ್ಯವಹಾರದ ಕಚೇರಿ ಇರುವ ದೇಶದ ಕಾನೂನನ್ನು ಹಿಡಿಯುತ್ತದೆ.

ಹಾಗಾಗಿ ಉಳಿದವರಿಗೆ ಆಯಾ ದೇಶದ ನಿಯಮಗಳೇ ಗತಿ. ಮಾರಾಟದ ಕರಾರಿನಲ್ಲಿ ‘ಇಂಗ್ಲೆಂಡಿನ ಕಾನೂನು’ ಎಂದು ಬರೆದಿದ್ದರೆ ಅದು ನಿಮಗೂ ಅನ್ವಯ ಎಂದುಕೊಳ್ಳಬೇಡಿ. ನಿಮ್ಮ ಏಜೆನ್ಸಿ ಕರಾರಿನಲ್ಲಿ ಬೇರೆಯಾಗಿ ಬರೆಸಿ.

ಮಾರಾಟದ ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತಿದೆ. ನನ್ನನ್ನೂ ಎಳೀತಾರಾ?

ಏಜೆಂಟ್ ಆಗಿ ಮಾತ್ರ ಸಹಿ ಹಾಕಿದ್ದರೆ ಸಾಮಾನ್ಯವಾಗಿ ನೀವು ಆ ಷರತ್ತಿನ (ಜಗಳವನ್ನು ಕೋರ್ಟಿನ ಬದಲು ಮಧ್ಯಸ್ಥಗಾರರ ಮುಂದೆ ಬಗೆಹರಿಸಿಕೊಳ್ಳುವ ಷರತ್ತು) ಪಾರ್ಟಿ ಅಲ್ಲ. ನಿಮ್ಮನ್ನು ಹಿಡಿಯಬೇಕಾದರೆ ಕೋರ್ಟಿಗೆ ಬರಬೇಕು. ಆದರೂ ಆರ್ಬಿಟ್ರೇಷನ್ ನೋಟಿಸ್ ಬಂದರೆ ಕಸದ ಬುಟ್ಟಿಗೆ ಹಾಕಬೇಡಿ. ‘ನಾನು ಪಾರ್ಟಿ ಅಲ್ಲ’ ಎಂಬ ಆಕ್ಷೇಪವನ್ನು ಮೊದಲ ಉತ್ತರದಲ್ಲೇ ಎತ್ತಬೇಕು. ಆಕ್ಷೇಪ ಎತ್ತದೆ ವಾದಕ್ಕಿಳಿದರೆ ಒಪ್ಪಿಕೊಂಡಂತಾಗಬಹುದು.

ನೋಟಿಸ್ ಬಂದೇಬಿಟ್ಟಿದೆ. ಇವತ್ತು ಏನು ಮಾಡಲಿ?

ಫೋನ್‌ನಲ್ಲಿ ಯಾರಿಗೂ ‘ನೋಡೋಣ, ನಾನೇ ಏನಾದರೂ ಮಾಡ್ತೀನಿ’ ಎನ್ನಬೇಡಿ. ಒಂದು ಮೆಸೇಜೂ ಅಳಿಸಬೇಡಿ. ಮುಜುಗರ ತರುವ ಮೆಸೇಜನ್ನು ಅಳಿಸುವುದು ಅದನ್ನು ಇಟ್ಟುಕೊಳ್ಳುವುದಕ್ಕಿಂತ ಕೆಟ್ಟದ್ದು. ವೃತ್ತಿ ವಿಮೆ ಇದ್ದರೆ ಇವತ್ತೇ ತಿಳಿಸಿ, ತಡವಾದರೆ ಕ್ಲೇಮ್‌ಗೇ ಕುತ್ತು ಬರಬಹುದು.

ಮೂಲ ಪಾರ್ಟಿಗೂ ಲಿಖಿತವಾಗಿ ತಿಳಿಸಿ. ಅವರು ಹೇಳಿದ ಕೆಲಸವನ್ನು, ಕಾನೂನಿನ ಒಳಗೆ, ಅಧಿಕಾರದ ಒಳಗೆ ಮಾಡಿದ್ದರೆ ನಿಮಗಾದ ನಷ್ಟವನ್ನು ಅವರು ತುಂಬಿಕೊಡಬೇಕು. ಭಾರತದಲ್ಲಿ ಕರಾರು ಕಾಯ್ದೆಯ 222 ಮತ್ತು 223ನೇ ಕಲಂಗಳು ಇದನ್ನೇ ಹೇಳುತ್ತವೆ. ಅಪರಾಧದ ಕೆಲಸಕ್ಕೆ ಮಾತ್ರ ಆ ಆಸರೆ ಇಲ್ಲ.

ಆಮೇಲೆ ಒಂದು ಹಾಳೆ ತಗೊಂಡು ತಾರೀಖಿನ ಪ್ರಕಾರ ಬರೆಯಿರಿ: ಯಾವ ದಿನ ಯಾರು ಏನು ಹೇಳಿದರು, ನೀವು ಏನು ದಾಟಿಸಿದಿರಿ, ದುಡ್ಡು ಎಲ್ಲಿಂದ ಎಲ್ಲಿಗೆ ಹೋಯಿತು. ನೆನಪು ಹಸಿಯಾಗಿರುವಾಗಲೇ ಬರೆಯಿರಿ. ವಕೀಲರ ಹತ್ತಿರ ಹೋಗುವಾಗ ಕೈಯಲ್ಲಿ ಆ ಹಾಳೆ, ಕರಾರಿನ ಕೊನೆಯ ಪುಟ ಮತ್ತು ಮೂಲ ಪಾರ್ಟಿಯ ಅಧಿಕಾರ ಪತ್ರ ಇರಲಿ.